ಮೆತ್ತನೆಯ ಹಾಸಿಗೆಯಿಂದ ಎದ್ದವಳು

ಆ ಮನೆಯಲ್ಲಿ ಗಾಳಿಯೂ ಬೆಳ್ಳಗಿತ್ತು.

ಹಾಸಿಗೆ ಹೊಲಿಯುವವರ ಮನೆ ಅದು. ಮುಂದೆ ಅಂಗಡಿ, ನಡುವೆ ಎರಡು ಕೋಣೆ, ಹಿಂದೆ ಅಂಗಳ. ಅಂಗಳದಲ್ಲಿ ಯಜಮಾನ ಹತ್ತಿ ಹಿಂಜಲು ಕೂತರೆ ಬಿಲ್ಲಿನ ತಂತಿ ಟೊಂಯ್ ಟೊಂಯ್ ಎಂದು ಮಿಡಿಯುತ್ತಿತ್ತು. ಒಂದೊಂದು ಮಿಡಿತಕ್ಕೂ ಸಣ್ಣ ಎಳೆಗಳು ಮೇಲೆದ್ದು, ಬಾಗಿಲು ದಾಟಿ, ಕರೆಯದೆ ಬಂದ ನೆಂಟರ ಹಾಗೆ ಮನೆಯೆಲ್ಲ ಓಡಾಡುತ್ತಿದ್ದವು. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಇಡೀ ಕೋಣೆ ಹಾಲಿನಲ್ಲಿ ಮುಳುಗಿದಂತೆ ಕಾಣುತ್ತಿತ್ತು.

ಆ ಬಿಳುಪಿನ ನಡುವೆ ಸೂಜಿಯಕ್ಕ ಮಲಗಿದ್ದಳು. ಅವಳ ಹೊಲಿಗೆಯ ಅಂದ ನೋಡಿ ಬೀದಿಯವರು ಇಟ್ಟ ಹೆಸರು ಅದು. ಎಚ್ಚರವಾಗಿ ಬಹಳ ಹೊತ್ತಾಗಿತ್ತು. ಏಳಬೇಕೆಂದು ಮನಸ್ಸು ಎದ್ದು ಬಾಗಿಲವರೆಗೆ ಹೋಗಿ ಬಂದಿತ್ತು. ದೇಹ ಮಾತ್ರ ಹಾಸಿಗೆಯಲ್ಲೇ ಇತ್ತು.

"ರೀ..." ಎಂದು ಕರೆದಳು.

ಬಿಲ್ಲಿನ ಸದ್ದು ನಿಂತಿತು. ಗಂಡ ಕೈಯ ಹತ್ತಿ ಒರೆಸಿಕೊಂಡು ಬಂದ. ಹಿಂದೆಯೇ ಅತ್ತೆಯೂ ಬಂದರು. ಅವನು ಬೆನ್ನ ಕೆಳಗೆ ಕೈ ಹಾಕಿದ, ಅತ್ತೆ ಕಾಲುಗಳನ್ನು ಈಚೆಗೆ ತಂದರು. ಬಾವಿಯಿಂದ ಕೊಡ ಎತ್ತಿದ ಹಾಗೆ ಅವಳನ್ನು ಮೇಲಕ್ಕೆ ಎತ್ತಿದರು.

"ನಿನ್ನೆಗಿಂತ ಇವತ್ತು ಇನ್ನೂ ಕಷ್ಟ ಆಯ್ತಲ್ಲೇ" ಎಂದ ಗಂಡ. "ಮೈ ನೋಯ್ತಾ? ಹಾಸಿಗೆ ಒತ್ತುತ್ತಾ?"

"ಒತ್ತಲ್ಲ ರೀ. ಒಳಗೆ ಒಳಗೆ ಹೋಗ್ತೀನಿ ಅಷ್ಟೆ."

"ಇವತ್ತು ಇನ್ನೊಂದು ಪದರ ಹಾಕ್ತೀನಿ ಇರು. ಬೂರುಗದ ಹತ್ತಿ. ಮೋಡದ ಮೇಲೆ ಮಲಗಿದ ಹಾಗಿರಬೇಕು."

ಅವಳಿಗೆ ಕಾಯಿಲೆ ಬಂದ ಮೇಲೆ ಅವನು ಆ ಹಾಸಿಗೆಯನ್ನು ಎಷ್ಟು ಸಲ ಬಿಚ್ಚಿ ತುಂಬಿದ್ದನೋ ಲೆಕ್ಕವಿರಲಿಲ್ಲ. ಅವಳು ಏಳಲಾರೆ ಎಂದಾಗಲೆಲ್ಲ ಅವನು ಇನ್ನಷ್ಟು ಮೆತ್ತಗೆ ಮಾಡುತ್ತಿದ್ದ. ಅವನಿಗೆ ಗೊತ್ತಿದ್ದ ಔಷಧಿ ಅದೊಂದೇ.

ಕಾಯಿಲೆ ಮೊದಲು ಬಂದಿದ್ದು ತೋಳಿಗೆ. ಒಂದು ದಿನ ತಲೆ ಬಾಚಲು ಹೋದರೆ ಕೈ ಅರ್ಧಕ್ಕೇ ನಿಂತುಬಿಟ್ಟಿತು. ನಿನ್ನೆ ಜಾಸ್ತಿ ಹೊಲಿದೆನೇನೋ ಎಂದುಕೊಂಡಳು. ಆಮೇಲೆ ತೊಡೆಗೆ ಬಂತು. ಮೆಟ್ಟಿಲು ಹತ್ತುವಾಗ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಆಗುತ್ತಿತ್ತು. ನೆಲದಿಂದ ಏಳಲು ಗೋಡೆ ಬೇಕಾಯಿತು, ಗೋಡೆ ಸಾಲದೆ ಗಂಡನ ಹೆಗಲು ಬೇಕಾಯಿತು. ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು, ತೊಡೆಯ ಸ್ನಾಯುವಿನಿಂದ ಒಂದು ಸಣ್ಣ ಚೂರು ತೆಗೆದು ನೋಡಿದರು. ಇದು ಮಯೋಸೈಟಿಸ್, ಎಂದರೆ ಸ್ನಾಯುಗಳ ಉರಿಯೂತ ಎಂದರು.

"ನಮ್ಮನ್ನ ಕಾಯಬೇಕಾದ ದೇಹದ ಕಾವಲು ಪಡೆ ದಾರಿ ತಪ್ಪಿ ನಮ್ಮ ಸ್ನಾಯುಗಳ ಮೇಲೇ ಬಿದ್ದಿದೆ. ಒಬ್ಬರಿಂದ ಒಬ್ಬರಿಗೆ ಅಂಟೋ ಕಾಯಿಲೆ ಅಲ್ಲ. ಬಹಳ ಕಾಲ ಜೊತೆಗಿರುತ್ತೆ, ಆದರೆ ಹತೋಟಿಗೆ ಬರುತ್ತೆ" ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಮಾತ್ರೆ ಶುರುವಾಯಿತು. ನೋವು ಇಳಿಯಿತು. ಕಳೆದ ಸಲ ಹೋದಾಗ ಡಾಕ್ಟರು ರಕ್ತದ ವರದಿ ನೋಡಿ, "ಉರಿಯೂತ ಶಾಂತವಾಗಿದೆ. ಇನ್ನು ವ್ಯಾಯಾಮ ಶುರು ಮಾಡಿ. ಪಕ್ಕದ ಕೋಣೆಯಲ್ಲಿ ಫಿಸಿಯೋಥೆರಪಿಯವರು ಇದಾರೆ, ನೋಡಿಕೊಂಡು ಹೋಗಿ" ಎಂದಿದ್ದರು.

ಅತ್ತೆ ಪಕ್ಕದ ಕೋಣೆಯ ಮುಂದೆಯೇ ಸೊಸೆಯನ್ನು ನಡೆಸಿಕೊಂಡು ಸೀದಾ ಮನೆಗೆ ಕರೆತಂದಿದ್ದರು.

"ಉರಿಯೂತ ಅಂತ ಅವರೇ ಹೇಳ್ತಾರೆ. ಉರಿಯೋದಕ್ಕೆ ಯಾರಾದ್ರೂ ಗಾಳಿ ಹಾಕ್ತಾರೇನೇ? ಓದಿದವರು ಅಂದ್ರೆ ಏನು ಬೇಕಾದ್ರೂ ಹೇಳಬಹುದಾ? ಸುಮ್ಮನೆ ಮಲಗು."

ಸೂಜಿಯಕ್ಕ ಮಲಗಿದಳು. ಅತ್ತೆ ಅವಳನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡವರು. ಆದರೆ ವಿಚಿತ್ರವೆಂದರೆ, ರಕ್ತ ಸರಿಹೋಗುತ್ತಿದೆ ಎನ್ನುತ್ತಿದ್ದ ಹೊತ್ತಿಗೇ ಅವಳು ಹಾಸಿಗೆಯಿಂದ ಏಳುವುದು ದಿನದಿನಕ್ಕೆ ಕಷ್ಟವಾಗುತ್ತಾ ಬಂತು.

ಮಲಗಿದಲ್ಲಿಂದ ಅವಳಿಗೆ ಮೆಟ್ಟಿಲು ಕಾಣುತ್ತಿತ್ತು. ಮೆಟ್ಟಿಲ ತುದಿಯಲ್ಲಿ ಅವಳ ಹೊಲಿಗೆಯ ಕೋಣೆ. ಅಲ್ಲಿ ಕಿಟಕಿಗೆ ತಾಗಿಸಿ ಸೊಂಟದೆತ್ತರದ ಅಗಲವಾದ ಹಲಗೆ. ಅದರ ಮೇಲೆ ಹಾಸಿಗೆ ಹರಡಿ, ದಬ್ಬಣ ಹಿಡಿದು, ಅಂಚಿಗೆ ದಪ್ಪ ದಾರದ ಹೊಲಿಗೆ ಹಾಕುತ್ತಾ ನಿಂತರೆ ಊರಿನ ಸೂರುಗಳೆಲ್ಲ ಕಾಣುತ್ತಿದ್ದವು. ಆ ಕೋಣೆಗೆ ಅವಳು ಹೋಗಿ ಎಷ್ಟೋ ತಿಂಗಳಾಗಿತ್ತು. ಮಧ್ಯಾಹ್ನದ ಜೊಂಪಿನಲ್ಲಿ ಮಾತ್ರ ಹೋಗುತ್ತಿದ್ದಳು. ಹತ್ತಿಯ ಎಳೆಯಂತೆ ಹಗುರಾಗಿ, ಮೆಟ್ಟಿಲ ಮೇಲೆ ಕಾಲೇ ಇಡದೆ, ತೇಲಿಕೊಂಡು ಹೋಗಿ ಹಲಗೆಯ ಮುಂದೆ ನಿಲ್ಲುತ್ತಿದ್ದಳು. ಎಚ್ಚರವಾದರೆ ಅದೇ ಕೋಣೆ, ಅದೇ ಮೋಡದಂಥ ಹಾಸಿಗೆ.

ಆ ದಿನ ಮಧ್ಯಾಹ್ನ ಜೊಂಪಿನಲ್ಲಿದ್ದಾಗಲೇ ಅಂಗಡಿಯ ಕಡೆಯಿಂದ ಮಾತು ಕೇಳಿಸಿತು.

"ಈ ಸಲ ಹತ್ತಿ ಮೂಟೆ ಜಾಸ್ತಿ ಬರ್ತಾವಮ್ಮ. ಎಲ್ಲಿ ಇಡೋದು?" ಗಂಡನ ದನಿ.

"ಮೇಲಿನ ಕೋಣೆಗೆ ಹಾಕು. ಆ ಹಲಗೆ ಕಿತ್ತುಬಿಡು. ಇನ್ನು ಅಲ್ಲಿಗೆ ಯಾರು ಹೋಗ್ತಾರೆ?" ಅತ್ತೆಯ ದನಿ.

ಗಂಡ ಮೆಲ್ಲಗೆ, "ಹೂಂ" ಎಂದ.

ಸೂಜಿಯಕ್ಕ ಕಣ್ಣು ತೆರೆಯಲಿಲ್ಲ. ತನ್ನ ಕೋಣೆಯೊಳಗೆ ಮೂಟೆಗಳು ಒಂದರ ಮೇಲೊಂದು ಏರಿ, ಕಿಟಕಿ ಮುಚ್ಚಿ, ಸೂರು ಮುಟ್ಟುವುದನ್ನು ಮುಚ್ಚಿದ ಕಣ್ಣಿನಲ್ಲೇ ನೋಡಿದಳು. ತುಂಬಿದ ಕೋಣೆಯನ್ನು ಯಾರೂ ಮತ್ತೆ ಖಾಲಿ ಮಾಡುವುದಿಲ್ಲ. ಅಲ್ಲಿಗೆ ತಾನು ಜೀವನವಿಡೀ ಕೆಳಗೇ.

ಅದಾಗಿ ಕೆಲವು ದಿನಕ್ಕೆ ಅಂಗಡಿಗೆ ಒಬ್ಬ ಹುಡುಗಿ ಬಂದಳು. ತೆಳ್ಳಗಿದ್ದಳು, ಹೆಗಲಿಗೆ ಚೀಲ, ಕಾಲಿಗೆ ಓಡುವವರ ಬೂಟು.

"ದಿಂಬು ಬೇಕಿತ್ತು ಅಣ್ಣ. ಗಟ್ಟಿ ಇರಬೇಕು. ಕೂತರೆ ಒಳಗೆ ಹೋಗಬಾರದು."

ಯಜಮಾನನಿಗೆ ನಗು ಬಂತು. "ಗಟ್ಟಿ ಬೇಕು ಅಂದ್ರೆ ಬಡಗಿ ಹತ್ತಿರ ಹೋಗಮ್ಮ. ನಾವು ಹೊಲಿಯೋದು ಮೆತ್ತಗಿರೋದು."

"ನನ್ನ ಹತ್ತಿರ ಬರೋರು ಕೂತಲ್ಲಿಂದ ಏಳಬೇಕಲ್ಲ ಅಣ್ಣ. ನಾನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ವ್ಯಾಯಾಮ ಹೇಳಿಕೊಡೋಳು."

ಅತ್ತೆ ಒಳಗಿನಿಂದಲೇ, "ಓ, ಕಸರತ್ತಿನ ಹುಡುಗಿಯಾ!" ಎಂದರು. ಅಂದಿನಿಂದ ಆ ಮನೆಯಲ್ಲಿ ಅವಳಿಗೆ ಅದೇ ಹೆಸರಾಯಿತು.

ಅಷ್ಟರಲ್ಲಿ, "ರೀ..." ಎಂಬ ಕರೆ ಬಂತು. ಗಂಡ ಓಡಿದ, ಅತ್ತೆ ಓಡಿದರು. ತೆರೆದ ಬಾಗಿಲಿನಿಂದ ಹುಡುಗಿಗೆ ಎಲ್ಲವೂ ಕಂಡಿತು. ಎತ್ತಿದ್ದು, ಜಾರಿದ್ದು, ಮತ್ತೆ ಎತ್ತಿದ್ದು.

"ನಾನು ಒಳಗೆ ಬರಲಾ?" ಎಂದು ಕೇಳಿದಳು. ಬಂದವಳು ಮೊದಲು ಸೂಜಿಯಕ್ಕನ ಕೈಕಾಲು ನೋಡಲಿಲ್ಲ. ಹಾಸಿಗೆಯ ಮೇಲೆ ತನ್ನ ಅಂಗೈ ಇಟ್ಟು ಒತ್ತಿದಳು. ಮೊಣಕೈವರೆಗೆ ಒಳಗೆ ಹೋಯಿತು.

"ಅಬ್ಬಾ, ಇದರಲ್ಲಿ ಬಿದ್ದರೆ ನಾನೇ ಏಳಲ್ಲ" ಎಂದಳು. "ಅಕ್ಕ, ನಿಮಗೆ ಯಾವ ಕಾಯಿಲೆ ಅಂತ ಡಾಕ್ಟರ್ ಹೇಳಿದಾರೆ? ಮಾತ್ರೆ ಸರಿಯಾಗಿ ತೊಗೊಳ್ತಾ ಇದೀರಾ? ನುಂಗೋದಕ್ಕೆ, ಉಸಿರಾಟಕ್ಕೆ ತೊಂದರೆ ಇದೆಯಾ?"

ಸೂಜಿಯಕ್ಕ ಒಂದೊಂದಕ್ಕೇ ಉತ್ತರಿಸಿದಳು. ಡಾಕ್ಟರು ವ್ಯಾಯಾಮ ಶುರು ಮಾಡಿ ಎಂದಿದ್ದನ್ನೂ ಅತ್ತೆಯ ಕಡೆ ನೋಡದೆ ಹೇಳಿದಳು.

ಹುಡುಗಿ ಅವಳನ್ನು ಹಿಡಿದು ನಡೆಸಿಕೊಂಡು ಅಂಗಡಿಗೆ ಬಂದಳು. ಗಿರಾಕಿಗಳು ಕೂರುವ ಮರದ ಬೆಂಚಿನ ಮೇಲೆ ದಪ್ಪ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿ ಕೂರಿಸಿದಳು. ತಾನು ಎದುರಿಗೆ, ಗಂಡ ಪಕ್ಕಕ್ಕೆ.

"ಹಿಡೀಬೇಡಿ ಅಣ್ಣ, ಸುಮ್ಮನೆ ಹತ್ತಿರ ಇರಿ. ಅಕ್ಕ, ಪಾದ ಹಿಂದಕ್ಕೆ ತೊಗೊಳ್ಳಿ. ಈಗ ಮುಂದಕ್ಕೆ ಬಗ್ಗಿ. ಇನ್ನೂ. ಮೂಗು ಮಂಡಿಯಿಂದ ಆಚೆ ಬರಲಿ. ಹಾಂ, ಪಾದ ಒತ್ತಿ, ಏಳಿ."

ಸೂಜಿಯಕ್ಕ ಎದ್ದಳು.

ತೊಡೆ ನಡುಗಿತು. ಆದರೆ ಎದ್ದಳು, ಯಾರ ಕೈಯೂ ತಾಗದೆ. ಬೀದಿ ಎಷ್ಟೋ ದಿನದ ಮೇಲೆ ಕಣ್ಣಿನೆತ್ತರಕ್ಕೆ ಬಂದಂತೆ, ಎದುರಿನ ಅಂಗಡಿಗಳು ಮೆಲ್ಲನೆ ಕೆಳಗಿಳಿದು ತನ್ನನ್ನು ನೋಡಲು ನಿಂತಂತೆ ಅವಳಿಗೆ ಕಂಡಿತು.

ಗಂಡ ಖುಷಿಪಡುತ್ತಾನೆಂದು ತಿರುಗಿದರೆ ಅವನ ಮುಖ ಬಾಡಿಹೋಗಿತ್ತು.

"ಹಾಗಾದ್ರೆ ಇಷ್ಟು ದಿನ ನಾನೇ ಅವಳನ್ನ ಏಳದ ಹಾಗೆ ಮಾಡಿದೆನಾ?"

"ಹಾಗಲ್ಲ ಅಣ್ಣ. ಕಾಯಿಲೆ ನಿಜ, ಕೈಕಾಲು ಸೋತಿದ್ದೂ ನಿಜ. ನೀವು ಪ್ರೀತಿ ಸ್ವಲ್ಪ ಜಾಸ್ತಿ ತುಂಬಿಸಿಬಿಟ್ರಿ, ಅಷ್ಟೆ. ಮಲಗೇ ಇದ್ದರೆ ಗಟ್ಟಿಮುಟ್ಟಾದವರ ಸ್ನಾಯುವೂ ಕರಗುತ್ತೆ. ಇವರದು ಮೊದಲೇ ಪೆಟ್ಟು ತಿಂದ ಸ್ನಾಯು."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಲ್ಲಮ್ಮ, ಉರಿಯೂತ ಅಂತೀರಿ, ಆಮೇಲೆ ಕಸರತ್ತು ಮಾಡು ಅಂತೀರಿ. ಇದು ಯಾವ ನ್ಯಾಯ?"

"ಬೆಂಕಿ ಬಿದ್ದ ಮನೆ ಅಂದ್ಕೊಳ್ಳಿ ಅಜ್ಜಿ. ಮಾತ್ರೆ ಬೆಂಕಿ ಆರಿಸ್ತು. ಸುಟ್ಟ ಗೋಡೆ ತಾನಾಗೇ ಎದ್ದು ನಿಲ್ಲುತ್ತಾ? ಕಟ್ಟಬೇಕಲ್ಲ. ವ್ಯಾಯಾಮ ಅಂದ್ರೆ ಕಟ್ಟೋ ಕೆಲಸ."

"ಕಟ್ಟೋಕೆ ಹೋಗಿ ಮತ್ತೆ ಹೊತ್ತಿಕೊಂಡ್ರೆ?"

"ಒಳ್ಳೇ ಪ್ರಶ್ನೆ ಕೇಳಿದ್ರಿ. ಅದಕ್ಕೇ ಡಾಕ್ಟರ್ ರಕ್ತ ನೋಡಿ, ಕೈಕಾಲಿನ ಶಕ್ತಿ ನೋಡಿ, ಬೆಂಕಿ ಆರಿದೆ ಅಂತ ಹೇಳಿದ ಮೇಲೇ ಜೋರು ಕೆಲಸ. ಉರಿಯೂತ ಕೆರಳಿರೋವಾಗಲೂ ಪೂರ್ತಿ ಮಲಗಿಸಲ್ಲ, ಕೀಲು ಬಿಗಿಯದ ಹಾಗೆ ಕೈಕಾಲು ಮೆಲ್ಲಗೆ ಆಡಿಸ್ತೀವಿ. ನಾನೂ ನಿಮ್ಮ ಡಾಕ್ಟರ್ ಜೊತೆ ಮಾತಾಡಿ ಆಮೇಲೇ ಶುರು ಮಾಡೋದು. ನನಗೂ ಗಾಳಿ ಹಾಕೋ ಆಸೆ ಇಲ್ಲ ಅಜ್ಜಿ."

"ನೋಡೋಣ, ನೋಡೋಣ" ಎಂದು ಅತ್ತೆ ಒಳಗೆ ಹೋದರು.

ಹುಡುಗಿ ಹೊರಡುವಾಗ ಸೂಜಿಯಕ್ಕ ಅವಳ ಚೀಲದ ಪಟ್ಟಿ ಹಿಡಿದುಕೊಂಡು ಗುಟ್ಟಾಗಿ ಹೇಳಿದಳು. "ನನಗೆ ಮೇಲೆ ಹೋಗಬೇಕಮ್ಮ. ಮೂಟೆ ಬರೋದ್ರೊಳಗೆ."

"ಮೂಟೆ ಯಾವಾಗ ಬರುತ್ತೋ ನನಗೆ ಗೊತ್ತಿಲ್ಲ ಅಕ್ಕ. ನಿಮ್ಮ ಕಾಲು ಯಾವಾಗ ರೆಡಿ ಆಗುತ್ತೆ ಅಂತ ಈಗಲೇ ಮಾತು ಕೊಡೋಕೂ ಆಗಲ್ಲ. ಆದ್ರೆ ಶುರು ಮಾಡೋಣ."

ಅಂದು ಸಂಜೆ ಗಂಡ ಆ ಮೋಡದಂಥ ಹಾಸಿಗೆಯನ್ನು ಅಂಗಳಕ್ಕೆ ಎಳೆದ. ಅದು ಅವನು ಬದುಕಿನಲ್ಲೇ ಹೊಲಿದ ಅತಿ ಮೆತ್ತನೆಯ ಹಾಸಿಗೆ. ಚಾಕು ಹಿಡಿದು ತನ್ನ ಹೊಲಿಗೆಯ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಉದ್ದಕ್ಕೂ ಸೀಳಿದ. ಗಾಳಿ ಎದ್ದಿತ್ತು. ಬೂರುಗದ ಹತ್ತಿ ಗೂಡು ಬಿಟ್ಟ ಹಕ್ಕಿಗಳಂತೆ ಮೇಲೆದ್ದು, ಗೋಡೆ ಹಾರಿ, ಬೀದಿಗೆ ಬಿತ್ತು. ಎದುರಿನ ಕನ್ನಡಿ ಅಂಗಡಿಯ ಕನ್ನಡಿಗಳಲ್ಲೆಲ್ಲ ಬಿಳಿ ಎಳೆಗಳು ಮೇಲಿನಿಂದ ಇಳಿದವು. ನಡೆಯುವವರು ನಿಂತು ತಲೆಯೆತ್ತಿ ನೋಡಿದರು. ಸೂಜಿಯಕ್ಕ ಕಿಟಕಿಯಲ್ಲಿ ಕೂತು ತನ್ನ ಮೈಯಿಂದಲೇ ಏನೋ ಬಿಟ್ಟು ಹಾರಿಹೋಗುತ್ತಿರುವಂತೆ ನೋಡುತ್ತಿದ್ದಳು. ಅವನು ಅದೇ ಹೊದಿಕೆಗೆ ಒತ್ತೊತ್ತಾಗಿ ಹತ್ತಿ ತುಂಬಿ, ಗಟ್ಟಿಯಾಗಿ ಹೊಲಿದು, ಎತ್ತರದ ಮಂಚದ ಮೇಲೆ ಹಾಕಿದ.

ಬೆಳಿಗ್ಗೆ ಅವಳು, "ರೀ" ಎಂದು ಕರೆಯಲಿಲ್ಲ. ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ತಾನೇ ಕೂತಳು. ಏದುಸಿರು ಬಂತು. ಆದರೂ ಕೂತಳು.

ಡಾಕ್ಟರು ಹೂಂ ಎಂದ ಮೇಲೆ ಕಸರತ್ತಿನ ಹುಡುಗಿ ವಾರದಲ್ಲಿ ಕೆಲವು ದಿನ ಬರತೊಡಗಿದಳು. ಮೊದಲು ಮಾಡಿದ ಕೆಲಸವೆಂದರೆ, ಹತ್ತಿ ಹಿಂಜುವಾಗ ಅಂಗಳದ ಬಾಗಿಲು ಹಾಕಿಸಿದ್ದು. "ಈ ಕಾಯಿಲೆ ಕೆಲವರ ಶ್ವಾಸಕೋಶಕ್ಕೂ ಕೈ ಹಾಕುತ್ತೆ ಅಕ್ಕ. ಈ ಧೂಳು ನಿಮಗೆ ಬೇಡ." ಮನೆಯ ಗಾಳಿ ಮೊದಲ ಸಲ ಗಾಜಿನಷ್ಟು ತಿಳಿಯಾಯಿತು.

ಕಸರತ್ತು ಎಂದರೆ ಭಾರ ಎತ್ತುವುದು, ಕುಣಿಯುವುದು ಎಂದುಕೊಂಡಿದ್ದ ಅತ್ತೆಗೆ ನಿರಾಸೆಯೇ ಆಯಿತು. ಸೂಜಿಯಕ್ಕ ಮಲಗಿಕೊಂಡು ಹಿಮ್ಮಡಿಯನ್ನು ಮೆಲ್ಲಗೆ ತನ್ನ ಕಡೆಗೆ ಜಾರಿಸುತ್ತಿದ್ದಳು, ಮತ್ತೆ ಚಾಚುತ್ತಿದ್ದಳು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುತ್ತಿದ್ದಳು. ಎತ್ತರದ ಕುರ್ಚಿಯಿಂದ ಏಳುತ್ತಿದ್ದಳು, ಕೂರುತ್ತಿದ್ದಳು. ನಡುನಡುವೆ ವಿಶ್ರಾಂತಿ.

"ಇದೇನಾ ಕಸರತ್ತು? ಇದನ್ನ ನಾನು ದಿನಾ ಮಾಡ್ತೀನಿ, ಯಾರೂ ಶಭಾಷ್ ಅನ್ನಲ್ಲ" ಎಂದರು ಅತ್ತೆ.

ಬಿಸಿಲು ಏರುವ ಮೊದಲು ನೆರಳಿನಲ್ಲಿ ನಡಿಗೆ. ಈ ಕಾಯಿಲೆಯಲ್ಲಿ ಕೆಲವರಿಗೆ ಚರ್ಮದ ಮೇಲೂ ಕೆಂಪು ಕಲೆ ಬರುತ್ತದೆ, ಅಂಥವರಿಗೆ ಬಿಸಿಲು ಆಗದು ಎಂದು ಹುಡುಗಿ ಹೇಳಿದ್ದಳು. "ನಡೆಯುವಾಗ ಮಾತಾಡೋಕೆ ಆಗಬೇಕು. ಮಾತಾಡೋಕಾಗದಷ್ಟು ಏದುಸಿರು ಬಂದ್ರೆ ಜಾಸ್ತಿ ಆಯ್ತು ಅಂತ. ಮಾತ್ರೆಯಿಂದ ಮೂಳೆ ಸ್ವಲ್ಪ ಸೋತಿರುತ್ತೆ, ಬೀಳಬಾರದು. ಅಜ್ಜಿ, ನೀವು ಜೊತೆಗೆ ಹೋಗಿ, ಮಾತಾಡಿಸಿ."

ಅತ್ತೆ ಹೋದರು. ಮನೆಯ ಮೂಲೆಯಿಂದ ಬೀದಿಯ ಕೊನೆಯ ತನಕ ತಮ್ಮ ತವರಿನ ಕಥೆ ಹೇಳಿದರು, ಅಲ್ಲಿಂದ ವಾಪಸು ಬರುವವರೆಗೆ ಕನ್ನಡಿ ಅಂಗಡಿಯವಳ ಕಥೆ ಹೇಳಿದರು.

"ಅಜ್ಜಿ, ಮಾತಾಡಬೇಕಾದವರು ಅವರು!" ಎಂದು ಹುಡುಗಿ ನಕ್ಕಳು.

"ಅವಳಿಗೆ ಉಸಿರಿದೆಯೋ ಇಲ್ವೋ ನನಗೇನು ಗೊತ್ತಮ್ಮ? ನನಗಂತೂ ಇದೆ."

ದಿನಗಳು ಹೀಗೆ ಮೆಲ್ಲಗೆ ತೇಲಿದವು. ಸೂಜಿಯಕ್ಕ ಈಗ ನಿದ್ದೆಯಲ್ಲಿ ಮೆಟ್ಟಿಲ ಮೇಲೆ ತೇಲುತ್ತಿರಲಿಲ್ಲ. ಕನಸಿನಲ್ಲೂ ಒಂದೊಂದೇ ಮೆಟ್ಟಿಲಿಗೆ ಪಾದವಿಟ್ಟು, ಕಾಲಡಿಯ ಮರದ ತಂಪನ್ನು ಮುಟ್ಟಿಕೊಂಡು ಹತ್ತುತ್ತಿದ್ದಳು.

ಒಂದು ದಿನ ಹತ್ತಿಯ ವ್ಯಾಪಾರಿ ಹೇಳಿಕಳಿಸಿದ. ಮೂಟೆ ಕಟ್ಟುವುದು ಶುರುವಾಗಿದೆ, ಕೆಲವು ವಾರಗಳಲ್ಲಿ ಬರುತ್ತವೆ.

ಮಧ್ಯಾಹ್ನ ಎಲ್ಲರೂ ಅಂಗಡಿಯಲ್ಲಿದ್ದಾಗ ಸೂಜಿಯಕ್ಕ ಒಬ್ಬಳೇ ಮೆಟ್ಟಿಲ ಬುಡಕ್ಕೆ ಹೋದಳು. ಒಂದು ಹತ್ತಿದಳು, ಎರಡು ಹತ್ತಿದಳು. ಕಾಲು ನಡುಗಿದರೂ ಬಿಡಲಿಲ್ಲ. ಇಳಿದು ಮತ್ತೆ ಹತ್ತಿದಳು. ಇನ್ನೊಮ್ಮೆ. ಮತ್ತೊಮ್ಮೆ. ಮನಸ್ಸು ಓಡುತ್ತಿತ್ತು, ದೇಹ ಅದರ ಹಿಂದೆ ಬಟ್ಟೆಗಂಟಿನಂತೆ ಎಳೆಸಿಕೊಂಡು ಬರುತ್ತಿತ್ತು.

ಮರುದಿನ ಬೆಳಿಗ್ಗೆ ತೊಡೆಗಳು ನೀರು ಕುಡಿದ ಹತ್ತಿಯಾಗಿದ್ದವು. ಗಟ್ಟಿ ಹಾಸಿಗೆಯಿಂದಲೂ ಏಳಲಾಗಲಿಲ್ಲ. ಅದರ ಮರುದಿನವೂ ಹಾಗೆಯೇ.

ಅತ್ತೆ ಇದನ್ನೇ ಕಾಯುತ್ತಿದ್ದವರಂತೆ ಗುಡುಗಿದರು. "ನಾನು ಹೇಳಲಿಲ್ವಾ? ಆಯ್ತಲ್ಲ, ಕಸರತ್ತಿನ ಸೊಗಸು ನೋಡಿದ್ರಲ್ಲ! ಇವತ್ತಿಗೆ ಸಾಕು. ಆ ಹುಡುಗಿ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀನಿ."

ಹುಡುಗಿ ಬಂದಳು. ನಡೆದಿದ್ದನ್ನು ಸೂಜಿಯಕ್ಕ ತಲೆ ತಗ್ಗಿಸಿ ಹೇಳಿದಳು. ಹುಡುಗಿ ಬೈಯಲಿಲ್ಲ.

"ಮೂತ್ರದ ಬಣ್ಣ ಹೇಗಿದೆ ಅಕ್ಕ? ಕಪ್ಪು ಚಹಾದ ಹಾಗೆ ಆಗಿದೆಯಾ? ಸ್ನಾಯು ಜಾಸ್ತಿ ಒಡೆದ್ರೆ ಹಾಗಾಗುತ್ತೆ."

"ಇಲ್ಲಮ್ಮ."

"ನುಂಗೋಕೆ? ಉಸಿರಿಗೆ?"

"ಏನಿಲ್ಲ."

"ಸದ್ಯ. ಆದ್ರೂ ಇವತ್ತೇ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸೋಣ. ಸುಮ್ಮನೆ ಊಹೆ ಮಾಡೋದು ಬೇಡ."

ಡಾಕ್ಟರು ಪರೀಕ್ಷೆ ಮಾಡಿದರು, ರಕ್ತ ನೋಡಿದರು. ಉರಿಯೂತ ಮತ್ತೆ ಕೆರಳಿಲ್ಲ, ಸ್ನಾಯು ಅತಿಯಾಗಿ ದಣಿದಿದೆ ಅಷ್ಟೆ ಎಂದರು. ಕೆಲವು ದಿನ ಮೆಲ್ಲಗೆ ಕೈಕಾಲು ಆಡಿಸಿಕೊಂಡಿರಿ, ನೋವು ಹೋದ ಮೇಲೆ ಮೊದಲಿನದರ ಅರ್ಧದಿಂದ ಶುರು ಮಾಡಿ ಎಂದರು.

ಮನೆಗೆ ಬಂದ ಮೇಲೂ ಅತ್ತೆ ಬಿಗಿ ಮುಖ ಸಡಿಲಿಸಲಿಲ್ಲ. "ಅರ್ಧವೂ ಬೇಡ, ಕಾಲೂ ಬೇಡ. ಪೂರ್ತಿ ಬಿಟ್ಟುಬಿಡಲಿ."

ಗಂಡ ನಡುವೆ ಬಾಯಿ ಹಾಕಿದ.

"ಅಮ್ಮ, ನನಗೆ ಬಿಲ್ಲು ಹಿಡಿಯೋದು ಕಲಿಸಿದ್ದು ಯಾರು?"

"ನಾನೇ. ಯಾಕೆ?"

"ಮೊದಲ ದಿನ ನಾನು ಜೋರಾಗಿ ಬಡಿದು ಹತ್ತಿಯೆಲ್ಲ ಪುಡಿ ಮಾಡಿದೆ. ನೀನು ಬಿಲ್ಲು ಮುರಿದು ಒಲೆಗೆ ಹಾಕಿದ್ಯಾ?"

"ಯಾಕೆ ಹಾಕ್ಲಿ? ಮೆಲ್ಲಗೆ ಮಿಡಿ ಅಂದೆ."

"ಹಿಂಜದೆ ಹಾಗೇ ಮೂಲೆಗೆ ಹಾಕಿಟ್ಟಿದ್ರೆ?"

"ಗಂಟು ಕಟ್ಟಿಕೊಂಡು ಕಲ್ಲಾಗ್ತಿತ್ತು..." ಎಂದವರು ಅಲ್ಲಿಗೇ ನಿಂತರು. ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಕಸರತ್ತಿನ ಹುಡುಗಿ ಮಾತ್ರ ಸೂರು ನೋಡುತ್ತಾ ನಗು ತಡೆದುಕೊಂಡಿದ್ದಳು.

"ಸರಿ. ಆದ್ರೆ ಯಾವಾಗ ಸಾಕು ಅನ್ನೋದನ್ನ ಇನ್ನು ಮೇಲೆ ನಾನು ಹೇಳ್ತೀನಿ. ಇವಳಿಗೆ ಬಿಟ್ಟರೆ ಸೂರಿನ ಮೇಲೇ ಹತ್ತಿಬಿಡ್ತಾಳೆ."

"ಅದೇ ಬೇಕಿತ್ತು ಅಜ್ಜಿ" ಎಂದಳು ಹುಡುಗಿ. "ಮಾಡಿದ ಮೇಲೆ ಸ್ವಲ್ಪ ಸುಸ್ತು, ಸ್ವಲ್ಪ ಮೈಕೈ ನೋವು ಇದ್ರೆ ಹೆದರಬೇಡಿ, ವಿಶ್ರಾಂತಿಗೆ ಹೋಗುತ್ತೆ. ಮಾರನೇ ದಿನ ಕಳೆದರೂ ನೋವು, ಸೋಲು ಇಳೀಲಿಲ್ಲ ಅಂದ್ರೆ ಜಾಸ್ತಿ ಮಾಡಿದಾರೆ ಅಂತ, ಕಡಿಮೆ ಮಾಡಿಸಿ, ನಮಗೆ ಹೇಳಿ. ಆದ್ರೆ ಶಕ್ತಿ ದಿಢೀರ್ ಅಂತ ಕುಗ್ಗಿದ್ರೆ, ಊಟ ಗಂಟಲಲ್ಲಿ ಸಿಕ್ಕಿಕೊಂಡ್ರೆ, ಉಸಿರು ಕಟ್ಟಿದ್ರೆ, ಮೂತ್ರ ಕಪ್ಪಾದ್ರೆ, ಜ್ವರ ಬಂದ್ರೆ, ಆಗ ವ್ಯಾಯಾಮ ನಿಲ್ಲಿಸಿ ಸೀದಾ ಆಸ್ಪತ್ರೆಗೆ. ನನ್ನನ್ನ ಕಾಯಬೇಡಿ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸೋ ಹಾಗಿಲ್ಲ. ಕೈಕಾಲು ಗಟ್ಟಿಯಾಯ್ತು ಅಂತಾನೂ ನಿಲ್ಲಿಸೋ ಹಾಗಿಲ್ಲ."

ಅತ್ತೆ ಒಂದೊಂದನ್ನೂ ಬೆರಳು ಮಡಚಿ ಬಾಯಿಪಾಠ ಮಾಡಿಕೊಂಡರು.

ಮತ್ತೆ ಶುರುವಾಯಿತು. ಈ ಸಲ ಅವಸರವಿಲ್ಲದೆ. ಒಂದು ದಿನ ಕೆಲಸ, ಒಂದು ದಿನ ಬಿಡುವು. ಗಂಡ ಮೆಟ್ಟಿಲ ಎರಡೂ ಬದಿಗೆ ಹಿಡಿಕೆ ಹಾಕಿಸಿದ. ನಡುವಿನ ತಿರುವಿನಲ್ಲಿ ಕೂರಲು ಎತ್ತರದ ಸ್ಟೂಲು ಇಟ್ಟ. ಅತ್ತೆ ಕೆಳಗೆ ಕಾವಲು ಕೂತರು. ಸೂಜಿಯಕ್ಕನ ಹುಬ್ಬು ಸ್ವಲ್ಪ ಗಂಟಿಕ್ಕಿದರೂ ಸಾಕು, "ಇಳಿ ಕೆಳಗೆ!" ಎಂಬ ಕೂಗು.

ಮೂಟೆಗಳು ಬಂದೇಬಿಟ್ಟವು.

ಗಾಡಿ ಬಾಗಿಲಿಗೆ ನಿಂತಿತು. ಹಮಾಲಿಗಳು ಮೊದಲ ಮೂಟೆ ಬೆನ್ನಿಗೇರಿಸಿ, "ಎಲ್ಲಿಗೆ ಯಜಮಾನ್ರೇ?" ಎಂದರು. ಗಂಡ ಸೂಜಿಯಕ್ಕನ ಕಡೆ ನೋಡಿದ. ಅವಳು ಇಷ್ಟು ದಿನವೂ ತಿರುವಿನ ಸ್ಟೂಲಿನಿಂದ ಆಚೆ ಹೋಗಿರಲಿಲ್ಲ. ಕಸರತ್ತಿನ ಹುಡುಗಿ ಅಂದು ಬಂದಿದ್ದಳು.

"ಇವತ್ತು ಆಗುತ್ತಾ?" ಎಂದು ಸೂಜಿಯಕ್ಕ ಅವಳನ್ನು ಕೇಳಿದಳು.

"ನಿನ್ನೆ ಬಿಡುವಿತ್ತು, ನೋವಿಲ್ಲ, ನಿದ್ದೆ ಬಂದಿದೆ. ಪ್ರಯತ್ನ ಮಾಡಬಹುದು. ಆಗದಿದ್ರೆ ತಿರುವಿನಲ್ಲಿ ಕೂತು ವಾಪಸು ಬರೋಣ, ಅದೂ ಸೋಲಲ್ಲ. ಹತ್ತುವಾಗ ಗಟ್ಟಿ ಕಾಲು ಮೊದಲು. ನಾನು ಹಿಂದೇ ಇರ್ತೀನಿ."

ಹಮಾಲಿಗಳು ಮೂಟೆ ಕೆಳಗಿಟ್ಟು ಬೆವರು ಒರೆಸುತ್ತಾ ನಿಂತರು.

ಸೂಜಿಯಕ್ಕ ಹಿಡಿಕೆ ಹಿಡಿದಳು. ಬಲಗಾಲು, ಅದರ ಪಕ್ಕಕ್ಕೆ ಎಡಗಾಲು. ಉಸಿರು. ಮತ್ತೆ ಬಲಗಾಲು. ಕಿರುಗುಟ್ಟುವ ಮೆಟ್ಟಿಲುಗಳ ಹಳೆಯ ಪರಿಚಯ ಪಾದಕ್ಕೆ ಹಿಂತಿರುಗಿ ಬಂತು. ತಿರುವಿನಲ್ಲಿ ಕೂತಳು. ಕಣ್ಣು ಮುಚ್ಚಿದಳು. ಮೇಲಿನಿಂದ ಒಂದು ತೆಳು ಬೆಳಕು ಇಳಿದು ಅವಳ ಮಡಿಲಲ್ಲಿ ಕೂತಿತ್ತು. ಯಾರೂ ಬೇಗ ಎನ್ನಲಿಲ್ಲ. ಅವಳೂ ತನಗೆ ತಾನು ಬೇಗ ಎಂದುಕೊಳ್ಳಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಎದ್ದಳು, ಮೂಗು ಮುಂದೆ, ಪಾದ ಒತ್ತಿ.

ಕೋಣೆ ಹಾಗೆಯೇ ಇತ್ತು. ಹಲಗೆಯ ಮೇಲೆ ಧೂಳಿನ ತೆಳು ಪರದೆ. ಕಿಟಕಿಯ ಆಚೆ ಸೂರುಗಳು ಬಿಸಿಲಿನಲ್ಲಿ ಮೀನುಗಳಂತೆ ಹೊಳೆಯುತ್ತಿದ್ದವು. ಅವಳು ಹಲಗೆಗೆ ಎರಡೂ ಅಂಗೈ ಊರಿ ನಿಂತಳು. ಕೆಳಗಿನಿಂದ ಒಂದೂ ಸದ್ದಿಲ್ಲ. ಎಲ್ಲರೂ ಅವಳ ಹೆಜ್ಜೆಗೆ ಕಿವಿಗೊಟ್ಟಿದ್ದಾರೆಂದು ಗೊತ್ತಾಯಿತು.

"ಬಂದೆ!" ಎಂದು ಕೂಗಿದಳು.

"ಹೋಗಿದ್ದು ಗೊತ್ತಾಯ್ತು!" ಅತ್ತೆಯ ದನಿ ಮೇಲೆ ಬಂತು. "ಇಳಿಯೋದು ಹೇಳಿಕೊಟ್ಟಿದಾಳಾ ಇಲ್ವಾ?"

"ಹೇಳಿಕೊಟ್ಟಿದೀನಿ ಅಜ್ಜಿ! ಇಳಿಯುವಾಗ ಸೋತ ಕಾಲು ಮೊದಲು!" ಎಂದು ಹುಡುಗಿ ಉತ್ತರ ಕೊಟ್ಟಳು.

ಹಮಾಲಿಗಳಲ್ಲಿ ಒಬ್ಬ ಮತ್ತೆ ಕೇಳಿದ. "ಹೇಳಿ ಯಜಮಾನ್ರೇ, ಮೂಟೆ ಎಲ್ಲಿಗೆ?"

ಗಂಡ ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ತಮ್ಮ ಕೋಣೆಯ ಬಾಗಿಲನ್ನು ಅಗಲಕ್ಕೆ ತೆರೆದರು.

"ಇಲ್ಲಿಗೆ ಹಾಕ್ರಪ್ಪ. ನನ್ನ ಮಂಚದಷ್ಟು ಜಾಗ ಬಿಟ್ಟರೆ ಸಾಕು. ಮೇಲಿನ ಕೋಣೆಯಲ್ಲಿ ಕೆಲಸ ನಡೀತಾ ಇದೆ."

ಓದುವವರೇ, ಕೇಳುವವರೇ, ಸೂಜಿಯಕ್ಕನ ಕಾಯಿಲೆ ಮಾಯವಾಗಿಲ್ಲ. ಮಾತ್ರೆ ನಡೆದಿದೆ, ಪರೀಕ್ಷೆ ನಡೆದಿದೆ. ಕೆಲವು ದಿನ ಅವಳು ಮೆಟ್ಟಿಲ ಕಡೆ ನೋಡುವುದೂ ಇಲ್ಲ. ಆದರೆ ಅಂಥ ದಿನಗಳಲ್ಲೂ ಅವಳು ಹಾಸಿಗೆಯಿಂದ ತಾನೇ ಏಳುತ್ತಾಳೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ತೋಳು ಎತ್ತಲು, ಕೂತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ವಾರಗಳಿಂದ ಕಷ್ಟವಾಗುತ್ತಿದೆಯೇ? ವಯಸ್ಸು, ಸೋಮಾರಿತನ ಎಂದು ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಸ್ನಾಯು ಉರಿಯೂತ ಎಂದು ತಿಳಿದಿದ್ದರೆ, "ನನಗೆ ಈಗ ಯಾವ ವ್ಯಾಯಾಮ ಸರಿ, ಎಷ್ಟು ಸರಿ?" ಎಂದು ಬಾಯಿಬಿಟ್ಟು ಕೇಳಿ. ಅವರು ಪಕ್ಕದ ಕೋಣೆ ತೋರಿಸಿದರೆ ಅದರ ಮುಂದೆ ಹಾದು ಮನೆಗೆ ಬರಬೇಡಿ, ಒಳಗೆ ಹೋಗಿ. ಕಡಿಮೆಯಿಂದ ಶುರು ಮಾಡಿ, ಮೆಲ್ಲಗೆ ಹೆಚ್ಚಿಸಿ, ದೇಹ ಸಾಕು ಎಂದಾಗ ನಿಲ್ಲಿಸಿ. ಮನೆಯವರೇ, ನಿಮ್ಮವರನ್ನು ಎತ್ತುವ ಮೊದಲು ಒಂದು ಗಳಿಗೆ ಕಾಯಿರಿ. ಹತ್ತಿರ ನಿಲ್ಲಿ, ಬೀಳದಂತೆ ನೋಡಿಕೊಳ್ಳಿ. ಏಳುವುದನ್ನು ಮಾತ್ರ ಅವರಿಗೇ ಬಿಡಿ.